ಕರ್ನಲ್ ಪ್ಯಾನಿಕ್ ಹಿಡಿಯಲು ಪಿಸ್ಟೋರ್, ಕೆಡಂಪ್, ನೆಟ್‌ಕನ್ಸೋಲ್: ನಾನು ಉಳಿಸಿಕೊಂಡಿದ್ದು ಪಿಸ್ಟೋರ್

ಲಿನಕ್ಸ್ ಪ್ಯಾನಿಕ್ ಆದಾಗ, ಅಂದರೆ ಅದರ ತಿರುಳಾದ ಕರ್ನಲ್ ಸರಿಪಡಿಸಲಾಗದ ದೋಷಕ್ಕೆ ಸಿಕ್ಕಿ ನಿಂತಾಗ, ನಮಗೆ ಬೇಕಾದ ಸಾಲುಗಳೇ ಜರ್ನಲ್‌ನಲ್ಲಿ (ಸಿಸ್ಟಂ ಲಾಗ್‌ನಲ್ಲಿ) ಇರುವುದಿಲ್ಲ. ಅವನ್ನು ಡಿಸ್ಕ್‌ಗೆ ಬರೆಯಬೇಕಾದ ಪ್ರೋಗ್ರಾಂ ಅಷ್ಟರಲ್ಲಿ ನಿಂತೇಹೋಗಿರುತ್ತದೆ. 8 ಜಿಬಿ ರ‍್ಯಾಮ್‌ನ ನನ್ನ ಲ್ಯಾಪ್‌ಟಾಪ್ ಪದೇಪದೇ ಕೈಕೊಟ್ಟಾಗ ಆ ಸಾಲುಗಳನ್ನು ಹಿಡಿಯುವ ಮೂರೂ ದಾರಿ ನೋಡಿದೆ: ಪಿಸ್ಟೋರ್, ಕೆಡಂಪ್, ನೆಟ್‌ಕನ್ಸೋಲ್. ಕಾರಣ ತೋರಿಸಿಕೊಟ್ಟಿದ್ದು ಪಿಸ್ಟೋರ್.

ಪ್ಯಾನಿಕ್ ಆದ ಕೂಡಲೇ ಅದು ಕರ್ನಲ್ ಲಾಗ್‌ನ ಕೊನೆಯ ಭಾಗವನ್ನು ಯುಇಎಫ್‌ಐ ವೇರಿಯಬಲ್‌ಗಳಲ್ಲಿ (ಫರ್ಮ್‌ವೇರ್‌ನಲ್ಲಿ ಪವರ್ ಹೋದರೂ ಉಳಿಯುವ ಪುಟ್ಟ ಜಾಗ) ಬರೆದಿಡುತ್ತದೆ. ಸಾಮಾನ್ಯವಾಗಿ ಸುಮಾರು 10 ಕೆಬಿ. ಕಾಲ್ ಟ್ರೇಸ್ (ಬೀಳುವಾಗ ಓಡುತ್ತಿದ್ದ ಫಂಕ್ಷನ್‌ಗಳ ಪಟ್ಟಿ) ಓದಲು ಅಷ್ಟು ಧಾರಾಳ. ಮುಂದಿನ ಬೂಟ್‌ನಲ್ಲಿ ಸಿಸ್ಟಮ್‌ಡಿ (ಬೂಟ್ ಆದಾಗ ಸೇವೆಗಳನ್ನು ಶುರು ಮಾಡುವ ಪ್ರೋಗ್ರಾಂ) ಅದನ್ನು ಡಿಸ್ಕ್‌ಗೆ ಸಾಗಿಸಿ ಫರ್ಮ್‌ವೇರ್‌ನ ಜಾಗ ಖಾಲಿ ಮಾಡುತ್ತದೆ. ಇದಕ್ಕಾಗಿ ರ‍್ಯಾಮ್ ಮೀಸಲಿಡಬೇಕಿಲ್ಲ. ಕೆಲವು ಲಿನಕ್ಸ್ ಡಿಸ್ಟ್ರೊಗಳಲ್ಲಿ ಪಿಸ್ಟೋರ್ ಆಫ್ ಆಗಿರುತ್ತದೆ, ಬೂಟ್ ಪ್ಯಾರಾಮೀಟರ್ (ಬೂಟ್ ವೇಳೆ ಕರ್ನಲ್‌ಗೆ ಕೊಡುವ ಆಯ್ಕೆ) ಕೊಟ್ಟು ಆನ್ ಮಾಡಬೇಕು.

ನೆಟ್‌ಕನ್ಸೋಲ್ ಕರ್ನಲ್ ಲಾಗ್‌ನ ಪ್ರತಿ ಸಾಲನ್ನೂ ಯುಡಿಪಿ ಎಂಬ ನೆಟ್‌ವರ್ಕ್ ವಿಧಾನದಲ್ಲಿ ಇನ್ನೊಂದು ಯಂತ್ರಕ್ಕೆ ಕಳಿಸುತ್ತದೆ. ತಂತಿ ನೆಟ್‌ವರ್ಕ್, ಸದಾ ಎಚ್ಚರವಿರುವ ಎರಡನೇ ಯಂತ್ರ ಎರಡೂ ಬೇಕು. ವೈಫೈ ಮೇಲೆ ಬದುಕುವ ನನಗೆ ಅದು ದಕ್ಕಲಿಲ್ಲ.

ಮೂರರಲ್ಲಿ ಕೆಡಂಪ್ ಅತಿ ಬಲಶಾಲಿ. ಮೀಸಲಿಟ್ಟ ಮೆಮೊರಿಯಲ್ಲಿ ಎರಡನೇ ಕರ್ನಲ್ ಎಬ್ಬಿಸಿ ಸತ್ತ ಕರ್ನಲ್‌ನ ಇಡೀ ಮೆಮೊರಿಯನ್ನು ಉಳಿಸಿಕೊಡುತ್ತದೆ. ಅದನ್ನು ಬಿಡಿಸಿ ನೋಡಲು ಅದೇ ಕರ್ನಲ್ ಬಿಲ್ಡ್‌ನ ಡೀಬಗ್ ಮಾಹಿತಿ (ಮೆಮೊರಿಯ ವಿಳಾಸಗಳನ್ನು ಕೋಡ್‌ನ ಹೆಸರುಗಳಿಗೆ ಹೊಂದಿಸುವ ಫೈಲ್) ಬೇಕು, ಅದೂ ಭಾರಿ ಗಾತ್ರದ್ದು.

ಆದರೆ ನನ್ನನ್ನು ಸತಾಯಿಸಿದ್ದು ಬೇರೆಯೇ ವಿಷಯ. ಕೆಡಂಪ್, ಪಿಸ್ಟೋರ್ ಎರಡೂ ಇದ್ದರೆ ಒಂದಲ್ಲ ಒಂದು ಹಿಡಿಯುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ನಡೆಯುವುದು ತಿರುಗುಮುರುಗು. ಕೆಡಂಪ್ ಸಿದ್ಧವಾಗಿದ್ದರೆ, ಪಿಸ್ಟೋರ್‌ಗೆ ಬರೆಯುವ ಸರದಿ ಬರುವ ಮೊದಲೇ ಕರ್ನಲ್ ಎರಡನೇ ಕರ್ನಲ್‌ಗೆ ಜಿಗಿದುಬಿಡುತ್ತದೆ. ನನ್ನ ಯಂತ್ರದಲ್ಲಿ 256 ಎಂಬಿ ಮೀಸಲು ಸಾಲದೆ ಆ ಎರಡನೇ ಕರ್ನಲ್ಲೂ ಮೆಮೊರಿ ಮುಗಿದು ಬಿದ್ದಿತು. ಡಂಪ್ ಇಲ್ಲ, ಪಿಸ್ಟೋರ್ ಫೋಲ್ಡರೂ ಖಾಲಿ.

ಇದಕ್ಕೆ 'ಕ್ರ್ಯಾಶ್_ಕೆಎಕ್ಸೆಕ್_ಪೋಸ್ಟ್_ನೋಟಿಫೈಯರ್ಸ್' ಎಂಬ ಬೂಟ್ ಪ್ಯಾರಾಮೀಟರ್ ಇದೆ. ಅದನ್ನು ಕೊಟ್ಟರೆ ಲಾಗ್ ಉಳಿಸಿದ ಮೇಲೆ ಜಿಗಿತ. ಆದರೆ ಆಗಲೇ ಕೆಟ್ಟಿರುವ ಕರ್ನಲ್‌ನಲ್ಲಿ ಇನ್ನಷ್ಟು ಕೋಡ್ ಓಡುವುದರಿಂದ ಕೆಡಂಪ್ ವಿಫಲವಾಗುವ ಅಪಾಯ ಹೆಚ್ಚುತ್ತದೆ. ಕರ್ನಲ್ ದಾಖಲೆಯೇ ಹಾಗೆ ಎಚ್ಚರಿಸುತ್ತದೆ. ಮೀಸಲನ್ನು ಹೆಚ್ಚಿಸಿದರೆ ಆ ರ‍್ಯಾಮ್ ದಿನವಿಡೀ ನನ್ನ ಕೆಲಸಕ್ಕೆ ಸಿಗದು. ಹಾಗಾಗಿ ಕೆಡಂಪ್ ತೆಗೆದೆ. ಮುಂದಿನ ಪ್ಯಾನಿಕ್‌ನಲ್ಲಿ ಪಿಸ್ಟೋರ್‌ನ ಟ್ರೇಸ್ ನೇರವಾಗಿ ಗ್ರಾಫಿಕ್ಸ್ ಡ್ರೈವರ್‌ನತ್ತ ಬೆರಳು ಮಾಡಿತು.

ಸಿಸ್‌ಕಂಟ್ರೋಲ್‌ನಲ್ಲಿ (ಕರ್ನಲ್ ಸೆಟ್ಟಿಂಗ್‌ಗಳಲ್ಲಿ) ನಾನಿಟ್ಟಿರುವುದು: ಪ್ಯಾನಿಕ್ 10 (ಪ್ಯಾನಿಕ್ ಆದ 10 ಸೆಕೆಂಡ್‌ಗೆ ರೀಬೂಟ್), ಪ್ಯಾನಿಕ್_ಆನ್_ಊಪ್ಸ್ 1 (ಕರ್ನಲ್‌ನಲ್ಲಿ ದೋಷ ಕಂಡರೆ ಪ್ಯಾನಿಕ್), ಸಾಫ್ಟ್‌ಲಾಕಪ್_ಪ್ಯಾನಿಕ್ 1 (ಸಿಪಿಯು ಕರ್ನಲ್ ಕೋಡ್‌ನಲ್ಲೇ ಸಿಕ್ಕಿಕೊಂಡರೆ ಪ್ಯಾನಿಕ್). ಮೊದಲನೆಯದು 0 ಇದ್ದರೆ ಯಂತ್ರ ತಾನಾಗಿ ರೀಬೂಟ್ ಆಗದೆ ಹಾಗೇ ನಿಂತಿರುತ್ತದೆ. ಹಂಗ್_ಟಾಸ್ಕ್_ಪ್ಯಾನಿಕ್ ಮುಟ್ಟಿಲ್ಲ, ನಿಧಾನದ ಯುಎಸ್‌ಬಿ ಡಿಸ್ಕ್‌ಗೆ ನಾನು ಆಗಾಗ ಬ್ಯಾಕಪ್ ಹಾಕುತ್ತೇನೆ, ಆಗ ಯಾವುದೋ ಪ್ರಕ್ರಿಯೆ 120 ಸೆಕೆಂಡ್ ಕಾದು ಕುಳಿತಿತೆಂದು ಇಡೀ ಯಂತ್ರ ಬೀಳುವುದು ಬೇಡ. ಸರ್ವರ್ ನೋಡಿಕೊಳ್ಳುವವರು, ಅದರಲ್ಲೂ ಮೆಮೊರಿ ಕೆಡುವ ಬಗ್ ಬೆನ್ನಟ್ಟುವವರು, ಕೆಡಂಪ್‌ಗೆ ರ‍್ಯಾಮ್ ಧಾರಾಳವಾಗಿ ಕೊಡಲಿ. ಆ ಕೆಲಸ ಪಿಸ್ಟೋರ್‌ನಿಂದ ಆಗದು.