ಹಳೇ ಕೂಪೆಯೋ, ಹೊಸ ಪಿಕಪ್ಪೋ?

ಹಳೇ ಆಡಿ ಟಿಟಿ ಕೂಪೆ (ಎರಡು ಬಾಗಿಲಿನ ತಗ್ಗು ಕಾರು) ತಗೋಬೇಕೋ, ಹೊಸ ಟೊಯೊಟಾ ಹೈಲಕ್ಸ್ ಪಿಕಪ್ಪೋ? ಮನೆ ವಿಜಯಪುರದಾಗ, ದ್ರಾಕ್ಷಿ ತೋಟ ತಿಕೋಟಾ ಕಡೆ ಇದ್ರ ನನ್ನ ಓಟು ಹೈಲಕ್ಸ್‌ಗೆ.

ಸೊಲ್ಲಾಪುರ ಹೆದ್ದಾರಿಯೊಳಗ ಹಳೇ ಆಡಿ ಟಿಟಿ ಬಂಗಾರ; ನೆಲಕ್ಕಂಟಿ ಓಡ್ತದ. ಆದ್ರ ಬಾಗಿಲು ಎರಡೇ, ಹಿಂದಿನ ಸೀಟು ಮಕ್ಕಳಿಗಷ್ಟ. 15 ವರ್ಷ ತುಂಬಿದ್ರ ಗಾಡಿ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಆರ್‌ಸಿ (ನೋಂದಣಿ ಪತ್ರ) ನವೀಕರಿಸಬೇಕು.

ಹೈಲಕ್ಸ್ ಭಾರತಕ್ಕ ಬಂದಿದ್ದು 2022ರಾಗ. 2.8 ಲೀಟರ್ ಡೀಸೆಲ್ ಎಂಜಿನ್, ಫೋರ್ ವೀಲ್ ಡ್ರೈವ್ (ನಾಲ್ಕೂ ಗಾಲಿಗೆ ಎಂಜಿನ್ ಬಲ). ಮಳಿ ಬಿದ್ದ ಎರಿ ಹೊಲದ ದಾರಿಗೆ ಟಿಟಿ ಇಳಿಸಿದ್ರ ಹೊಟ್ಟಿ ನೆಲಕ್ಕ ಬಡೀತದ, ಆಮೇಲೆ ಟ್ರ್ಯಾಕ್ಟರ್ ಕರೀಬೇಕು. ಹೈಲಕ್ಸ್ ದಾಟ್ತದ, ಹಿಂದ ಕ್ರೇಟು, ಔಷಧದ ಡಬ್ಬಿ ಎಲ್ಲಾ ಹೇರಬಹುದು. ಖಾಲಿ ಇದ್ದಾಗ ಹಿಂಬದಿ ಕುಣೀತದ, ಖರೆ. ಉದ್ದ 5 ಮೀಟರ್‌ಗಿಂತ ಜಾಸ್ತಿ. ಗಾಂಧಿ ಚೌಕದ ಗದ್ದಲದಾಗ ತಿರುಗಿಸೋದು ಪರದಾಟ. ಅವ್ವನ್ನ ಹತ್ತಿಸಾಕ ಸ್ಟೂಲ್ ಬೇಕಾದೀತು. ಟಿಟಿಯಾಗಿದ್ರ, ಕೈ ಹಿಡಿದು ಎಬ್ಬಿಸಬೇಕು!