ಸಿಎಫ್ ಕಾರ್ಡ್ ಅಡಾಪ್ಟರ್: ಪಿಐಒಗೆ ಓಕೆ, ಡಿಎಂಎಗೆ ಬೇಡ

ಹಳೆ ಐಡಿಇ (ಅಗಲ ರಿಬ್ಬನ್ ಕೇಬಲಿನ) ಹಾರ್ಡ್ ಡಿಸ್ಕ್ ಜಾಗಕ್ಕೆ ಕಾಂಪ್ಯಾಕ್ಟ್ ಫ್ಲಾಶ್ (ಸಿಎಫ್) ಮೆಮೊರಿ ಕಾರ್ಡ್ ಕೂರಿಸಲು ಒಂದು ಪುಟ್ಟ ಹಸಿರು ಬೋರ್ಡ್ ಸಿಗುತ್ತದಲ್ಲ, ಅದರ ಬಗ್ಗೆ ಇದು. ಕಂಪನಿ ಹೆಸರೇ ಇಲ್ಲದ ಮಾಲು. ಮಂಗಳೂರಿನ ಹಂಪನಕಟ್ಟೆ ಕಡೆಯ ಒಂದು ಬಿಡಿಭಾಗದ ಅಂಗಡಿಯಲ್ಲಿ ತಗೊಂಡೆ. ಬೆಲೆ ಹೆಚ್ಚುಕಮ್ಮಿ ಒಂದು ಮೀನೂಟದಷ್ಟು. ಪ್ಯಾಕೆಟ್ ಮೇಲೆ ‘ಡಿಎಂಎ ಸಪೋರ್ಟ್’ ಅಂತ ದಪ್ಪ ಅಕ್ಷರದಲ್ಲಿ ಉಂಟು. ಅದು ಸುಳ್ಳು. (ಡಿಎಂಎ ಅಂದರೆ ಪ್ರೊಸೆಸರ್ ಕೈ ಹಾಕದೆ ಡೇಟಾ ನೇರ ಮೆಮೊರಿಗೆ ಹೋಗುವುದು, ಪಿಐಒ ಅಂದರೆ ಪ್ರೊಸೆಸರ್ ತಾನೇ ಅದನ್ನು ಹೊರುವುದು.)

ಒಂದು ಸಣ್ಣ ಆಪರೇಟಿಂಗ್ ಸಿಸ್ಟಮ್‌ಗೆ ಡಿಸ್ಕ್ ಡ್ರೈವರ್ ಬರೆಯುತ್ತಿದ್ದೇನೆ. ಕ್ವೆಮುವಿನಲ್ಲಿ (ಕಂಪ್ಯೂಟರನ್ನು ಅನುಕರಿಸುವ ಸಾಫ್ಟ್‌ವೇರ್) ಎಲ್ಲ ಓಡುತ್ತದೆ, ಆದರೆ ಅಲ್ಲಿ ತಂತಿ ಅಂತ ಏನೂ ಇರುವುದಿಲ್ಲ, ಅಲ್ವಾ? ಹಾಗಾಗಿ ನಿಜವಾದ ಹಳೆ ಮಷಿನ್ ಬೇಕಿತ್ತು. ಆ ಕೆಲಸಕ್ಕೆ ಈ ಬೋರ್ಡ್ ಅನುಕೂಲವೇ. ಸದ್ದಿಲ್ಲ, ಕಾರ್ಡ್ ಕಿತ್ತು ಲ್ಯಾಪ್‌ಟಾಪ್‌ಗೆ ಹಾಕಿ ಹೊಸ ಕರ್ನೆಲ್ ಕಾಪಿ ಮಾಡಬಹುದು, ಮಾಸ್ಟರ್-ಸ್ಲೇವ್ ಜಂಪರ್ ಸರಿಯಾಗಿದೆ.

ತಕರಾರು ಶುರುವಾಗುವುದು ಡಿಎಂಎ ಆನ್ ಮಾಡಿದಾಗ. ಓದುವ ಕಮಾಂಡ್ ಹೋಗುತ್ತದೆ, ಡ್ರೈವರ್ ಇಂಟರಪ್ಟ್‌ಗೆ (ಕೆಲಸ ಆಯಿತು ಅಂತ ಡಿಸ್ಕ್ ಕೊಡುವ ಸಂಕೇತ) ಕಾಯುತ್ತದೆ, ಬರುವುದಿಲ್ಲ, ಟೈಮ್‌ಔಟ್. ಅದೇ ಮಷಿನ್‌ನಲ್ಲಿ ಲಿನಕ್ಸ್ ಹಾಕಿದರೂ ‘ಲಾಸ್ಟ್ ಇಂಟರಪ್ಟ್’ ಅಂತಲೇ ಬರುತ್ತದೆ. ಅಲ್ಲಿ ಡಿಸ್ಕ್ ಕಮಾಂಡಿಗೆ ಸಾಮಾನ್ಯವಾಗಿ 30 ಸೆಕೆಂಡ್ ಗಡುವು, ಹಾಗಾಗಿ ಬೂಟ್ ಆಗುವುದನ್ನು ಸುಮ್ನೆ ನೋಡುತ್ತಾ ಕೂರಬೇಕು. ಅಂಗಡಿಯವರಿಗೆ ಫೋನ್ ಮಾಡಿದರೆ, ‘ಉಪ್ಪು ಗಾಳಿ ಮಾರಾಯ್ರೆ, ಪಿನ್ ಕ್ಲೀನ್ ಮಾಡಿ’ ಅಂದರು. ಮಂಗಳೂರಿನಲ್ಲಿ ಅದು ತಳ್ಳಿಹಾಕುವ ಮಾತಲ್ಲ, ಮಳೆಗಾಲದಲ್ಲಿ ಕನೆಕ್ಟರ್ ಹಸಿರುಗಟ್ಟುವುದು ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ತುಕ್ಕು ಹಿಡಿದಿದ್ದರೆ ಒಮ್ಮೆ ಓಡಿ ಒಮ್ಮೆ ನಿಲ್ಲಬೇಕು. ಇದು ಪ್ರತಿ ಸಲ ಒಂದೇ ಕಡೆ ನಿಲ್ಲುತ್ತಿತ್ತು.

ಇಂಥ ಕಡೆ ಎಲ್ಲರೂ ಮೊದಲು ಹಿಡಿಯುವುದು ಇಂಟರಪ್ಟ್ ಕಂಟ್ರೋಲರನ್ನು, ಅಂದರೆ ಇಂಟರಪ್ಟನ್ನು ಪ್ರೊಸೆಸರ್‌ಗೆ ದಾಟಿಸುವ ಚಿಪ್ಪನ್ನು. ಮೊದಲ ಐಡಿಇ ಚಾನೆಲ್‌ನದ್ದು ಐಆರ್‌ಕ್ಯೂ (ಇಂಟರಪ್ಟ್ ಸಾಲಿನ ನಂಬರ್) 14, ಅದು ಎರಡನೇ ಕಂಟ್ರೋಲರ್ ಚಿಪ್ ಮೂಲಕ ಬರುತ್ತದೆ, ಎರಡೂ ಚಿಪ್‌ಗೆ ‘ಮುಗಿಯಿತು’ ಅಂತ ಹೇಳದಿದ್ದರೆ ಮುಂದಿನದು ಬರುವುದಿಲ್ಲ. ಡಿಸ್ಕಿನ ಕಂಟ್ರೋಲ್ ರಿಜಿಸ್ಟರ್‌ನಲ್ಲಿ ಇಂಟರಪ್ಟನ್ನೇ ಮುಚ್ಚುವ ಒಂದು ಬಿಟ್ ಬೇರೆ ಇದೆ. ಇವುಗಳನ್ನೆಲ್ಲ ಒಂದೇ ಪರೀಕ್ಷೆಯಲ್ಲಿ ಬಿಟ್ಟುಬಿಡಬಹುದು: ಪಿಐಒದಲ್ಲಿ ಓದಿ, ಐಆರ್‌ಕ್ಯೂ 14ರ ಲೆಕ್ಕ ಏರುತ್ತದಾ ನೋಡಿ. ಏರಿತು. ಪಿಐಒ ಆಗಲಿ ಡಿಎಂಎ ಆಗಲಿ, ಇಂಟರಪ್ಟ್ ಬರುವುದು ಒಂದೇ ತಂತಿಯಲ್ಲಿ, ಐಡಿಇಯ 31ನೇ ಪಿನ್. ಅಂದಮೇಲೆ ಆ ದಾರಿ ಸರಿ ಇದೆ.

ನಿಜವಾದ ಸುಳಿವು ಇದ್ದದ್ದು ಬಸ್ ಮಾಸ್ಟರ್ (ಡಿಎಂಎ ನಡೆಸುವ ಇಂಜಿನ್) ಸ್ಟೇಟಸ್‌ನಲ್ಲಿ. ಟೈಮ್‌ಔಟ್ ಆದ ಕ್ಷಣ ಅದರಲ್ಲಿ ಹೆಕ್ಸ್ (16ರ ಲೆಕ್ಕದಲ್ಲಿ) 21 ಇತ್ತು. 20 ಅಂದರೆ ಡ್ರೈವ್ 0 ಡಿಎಂಎಗೆ ಸಿದ್ಧ ಅಂತ ಗುರುತು ಹಾಕಿದ್ದು, 1 ಅಂದರೆ ಇಂಜಿನ್ ಇನ್ನೂ ಓಡುತ್ತಿದೆ. ಇಂಟರಪ್ಟ್ ಬಂತು ಅನ್ನುವ 4 ಇಲ್ಲವೇ ಇಲ್ಲ. ಇಂಟರಪ್ಟ್ ಕ್ಲಿಯರ್ ಆಗದ ಹಾಗೆ 3ಎಫ್6 ಪೋರ್ಟಿನಲ್ಲಿ ಡಿಸ್ಕ್ ಸ್ಟೇಟಸ್ ಓದಿದರೆ ಹೆಕ್ಸ್ 58: ಕಾರ್ಡ್ ರೆಡಿ ಇದೆ, ಡೇಟಾ ಕೊಡಲು ಕಾಯುತ್ತಿದೆ. ಅಂದರೆ ಇಂಟರಪ್ಟ್ ಕಳೆದುಹೋಗಿಲ್ಲ. ಕಾರ್ಡ್ ಕಳಿಸಿಯೇ ಇಲ್ಲ. ಡೇಟಾ ಹೋಗದೆ ಕೆಲಸ ಮುಗಿಯುವುದಿಲ್ಲ, ಮುಗಿಯದೆ ಇಂಟರಪ್ಟ್ ಎಲ್ಲಿಂದ ಬರಬೇಕು?

ಮಲ್ಟಿಮೀಟರ್ ಇಟ್ಟು ನೋಡಿದೆ. ಐಡಿಇಯಲ್ಲಿ ಡಿಎಂಎ ಕೇಳುವ ಪಿನ್ 21, ಒಪ್ಪಿಗೆ ಕೊಡುವುದು 29. ಇವು ಕಾರ್ಡಿನ 43 ಮತ್ತು 44ಕ್ಕೆ ಹೋಗಬೇಕು. ಈ ಬೋರ್ಡ್‌ನಲ್ಲಿ 43 ಎಲ್ಲಿಗೂ ಹೋಗುವುದಿಲ್ಲ, 44 ಸೀದಾ ಪವರ್‌ಗೆ ಕಟ್ಟಿದೆ. ಡಿಎಂಎ ಇಲ್ಲದ ಹಳೆ ಕಾರ್ಡುಗಳಿಗೆ ಹಾಗೆ ಕಟ್ಟುವುದು ಸರಿಯೇ. ಆದರೆ ಇವತ್ತಿನ ಕಾರ್ಡ್ ‘ನನಗೆ ಡಿಎಂಎ ಬರುತ್ತದೆ’ ಅನ್ನುತ್ತದೆ, ಡ್ರೈವರ್ ನಂಬುತ್ತದೆ, ಮಧ್ಯದ ಬೋರ್ಡ್ ಕೈಕೊಡುತ್ತದೆ. ವಯರ್ ಬೆಸುಗೆ ಹಾಕೋಣ ಅಂದುಕೊಳ್ಳುವವರು ಮೊದಲು 44ನ್ನು ಪವರ್‌ನಿಂದ ಕತ್ತರಿಸಬೇಕು. ಕಾಲುಗಳು ತೀರಾ ಸಣ್ಣ, ನಾನಂತೂ ಕೈ ಹಾಕಲಿಲ್ಲ.

ಡ್ರೈವರ್‌ನಲ್ಲಿ ಈಗ ಹೀಗೆ ಮಾಡಿದ್ದೇನೆ: ಟೈಮ್‌ಔಟ್ ಆದಾಗ ಇಂಟರಪ್ಟ್ ಬಿಟ್ ಇಲ್ಲದೆ ಇಂಜಿನ್ ಇನ್ನೂ ಓಡುತ್ತಿದ್ದರೆ, ಬಸ್ ಮಾಸ್ಟರ್ ನಿಲ್ಲಿಸಿ, ಸಾಫ್ಟ್ ರೀಸೆಟ್ ಕೊಟ್ಟು ಪಿಐಒಗೆ ಇಳಿಯುವುದು. ಲಿನಕ್ಸ್‌ನವರಿಗೆ ಇಷ್ಟು ಕಷ್ಟ ಇಲ್ಲ. ಬೂಟ್ ಲೈನಿನಲ್ಲಿ ಲಿಬ್‌ಎಟಿಎಯ (ಲಿನಕ್ಸ್‌ನಲ್ಲಿ ಡಿಸ್ಕ್ ನೋಡಿಕೊಳ್ಳುವ ಭಾಗ) ಡಿಎಂಎ ಆಯ್ಕೆಗೆ 3 ಕೊಟ್ಟರೆ ಸಿಎಫ್ ಕಾರ್ಡಿಗೆ ಮಾತ್ರ ಡಿಎಂಎ ನಿಲ್ಲುತ್ತದೆ, ಬೇರೆ ಡಿಸ್ಕ್‌ಗಳಿಗೆ ಹಾಗೇ ಇರುತ್ತದೆ. ಈ ತೊಂದರೆಗೇ ಅಂತ ಒಂದು ಆಯ್ಕೆ ಇಟ್ಟಿದ್ದಾರೆ ಅಂದರೆ ಇಂಥ ಬೋರ್ಡ್ ಎಷ್ಟು ಜನರ ತಲೆ ತಿಂದಿರಬೇಕು ನೋಡಿ.

ಪಿಐಒ ಸಾಕು ಅನ್ನುವವರು ಧೈರ್ಯವಾಗಿ ತಗೊಳ್ಳಿ. ಮೋಡ್ 4ರಲ್ಲಿ ಸೆಕೆಂಡಿಗೆ 16.6 ಎಂಬಿ ತನಕ ಲೆಕ್ಕ, ಹಳೆ ಬಿಲ್ಲಿಂಗ್ ಮಷಿನ್‌ಗೆ ಅದು ಜಾಸ್ತಿಯೇ ಆಯಿತು. ಪ್ರೊಸೆಸರ್ ಸ್ವಲ್ಪ ಬಳಲುತ್ತದೆ, ಅಷ್ಟೇ. ಡಿಎಂಎ ಬೇಕಾದವರು ಅದೇ ಅಂಗಡಿಯಲ್ಲಿ ನೀಲಿ ಬೋರ್ಡ್ ಕೇಳಿ, ಬೆಲೆ ತುಸು ಹೆಚ್ಚು. ನನ್ನ ನೀಲಿ ಬೋರ್ಡ್ ಟೈಮ್‌ಔಟ್ ಇಲ್ಲದೆ ಓಡುತ್ತಿದೆ. ಅಂಗಡಿಯವರು ಪ್ಯಾಕೆಟ್ ಒಡೆದು ಕೌಂಟರ್ ಮೇಲೆಯೇ ಮೀಟರ್ ಇಟ್ಟು ನೋಡಲು ಬಿಟ್ಟರು, ಅದು ದೊಡ್ಡ ಮಾತು. ಮೀಟರ್ ನೀವೇ ಒಯ್ಯಿರಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಬೇಡಿ, ಬಾಗಿಲು ಹಾಕಿರುತ್ತಾರೆ.