ಬ್ಲೂಸ್ಕ್ರೀನ್‌ವ್ಯೂ: ಕರೆಂಟ್ ಹೋಗಿದ್ದೋ, ಡ್ರೈವರ್ ಕೈಕೊಟ್ಟಿದ್ದೋ?

ಮಳೆಗಾಲ ಬಂತೆಂದರೆ ಚಿಕ್ಕಮಗಳೂರು ಸೀಮೆಯಲ್ಲಿ ಕಂಪ್ಯೂಟರ್ ತಾನಾಗಿ ಆಫ್ ಆಗುವುದಕ್ಕೆ ಎರಡು ಕಾರಣ: ಒಂದು ಕರೆಂಟು, ಇನ್ನೊಂದು ಡ್ರೈವರ್, ಅಂದರೆ ಪ್ರಿಂಟರ್, ಗ್ರಾಫಿಕ್ಸ್ ಕಾರ್ಡಿನಂಥ ಸಾಧನವನ್ನು ವಿಂಡೋಸ್ ಜತೆ ಮಾತಾಡಿಸುವ ಸಾಫ್ಟ್‌ವೇರ್. ಎರಡಕ್ಕೂ ಫಾರ್ಮ್ಯಾಟೇ ಮದ್ದು ಎನ್ನುವ ರಿಪೇರಿಯವರು ಈಗಲೂ ಇದ್ದಾರೆ. ಫಾರ್ಮ್ಯಾಟ್ ಮಾಡಿ ಅದೇ ಹಳೆಯ ಡ್ರೈವರ್ ಹಾಕಿದರೆ, ವಿಂಡೋಸ್ ಕುಸಿದಾಗ ಕಾಣುವ ಅದೇ ನೀಲಿ ಪರದೆ ವಾಪಸ್ ಬರುತ್ತದೆ. ಈ ಕ್ರ್ಯಾಶ್‌ಗೆ ಯಾವ ಡ್ರೈವರ್ ಕಾರಣವಿರಬಹುದು ಎಂದು ತೋರಿಸುವ ನಿರ್‌ಸಾಫ್ಟ್‌ನ ಬ್ಲೂಸ್ಕ್ರೀನ್‌ವ್ಯೂ ಉಚಿತ, ಇನ್‌ಸ್ಟಾಲ್ ಬೇಡ, ಜಿಪ್ ಬಿಚ್ಚಿ ಪೆನ್‌ಡ್ರೈವ್‌ನಿಂದಲೇ ಓಡಿಸಬಹುದು. ಫಾರ್ಮ್ಯಾಟ್‌ಗೆ ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ತೆರೆದು ನೋಡಲೇಬೇಕು.

ಅದಕ್ಕೂ ಮೊದಲು ವಿಂಡೋಸ್‌ನ ದಿನಚರಿಯಂತಿರುವ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ ಕರ್ನಲ್-ಪವರ್ 41 (ಸರಿಯಾಗಿ ಶಟ್‌ಡೌನ್ ಆಗದೆ ನಿಂತದ್ದರ ದಾಖಲೆ) ಹುಡುಕಿ, ಡೀಟೇಲ್ಸ್‌ನಲ್ಲಿ ಬಗ್‌ಚೆಕ್ ಕೋಡ್, ಅಂದರೆ ಕ್ರ್ಯಾಶ್‌ನ ಬಗೆ ಹೇಳುವ ಸಂಖ್ಯೆ, ನೋಡಿ. ಅದು 0 ಇದ್ದರೆ ಹೆಚ್ಚಿನ ಸಲ ಕರೆಂಟ್, ಯುಪಿಎಸ್ ಬ್ಯಾಟರಿ ಅಥವಾ ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗಿನ ಪವರ್ ಸಪ್ಲೈ) ಕಡೆಯ ತೊಂದರೆ. ಡ್ರೈವರ್‌ಗೆ ಬೈದು ಪ್ರಯೋಜನವಿಲ್ಲ. 209, 278, 307 ಥರದ ಸಂಖ್ಯೆ ಇದ್ದರೆ ನಿಜವಾದ ಕ್ರ್ಯಾಶ್. ಇಲ್ಲಿ ಸಂಖ್ಯೆ ದಶಮಾಂಶದಲ್ಲಿರುತ್ತದೆ, ನೀಲಿ ಪರದೆಯ ಹೆಕ್ಸಾಡೆಸಿಮಲ್ (ಹದಿನಾರರ ಲೆಕ್ಕದ) ಭಾಷೆಯಲ್ಲಿ ಇವೇ ಡಿ1, 116, 133.

ಬ್ಲೂಸ್ಕ್ರೀನ್‌ವ್ಯೂ ಓದುವುದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗಿನ ಮಿನಿಡಂಪ್ ಫೈಲುಗಳನ್ನು, ಅಂದರೆ ಕ್ರ್ಯಾಶ್ ಆದಾಗ ವಿಂಡೋಸ್ ಬರೆದಿಡುವ ಪುಟ್ಟ ದಾಖಲೆಗಳನ್ನು. ಪಟ್ಟಿ ಖಾಲಿ ಬಂದರೆ ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಟ್ಟು ತೆರೆಯಿರಿ. ಆಗಲೂ ಖಾಲಿಯೇ? ಸಿಸ್ಟಮ್ ಪ್ರಾಪರ್ಟೀಸ್, ಅಡ್ವಾನ್ಸ್ಡ್, ಸ್ಟಾರ್ಟಪ್ ಆಂಡ್ ರಿಕವರಿಗೆ ಹೋಗಿ 'ಸ್ಮಾಲ್ ಮೆಮೊರಿ ಡಂಪ್' ಆರಿಸಿ, 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಟಿಕ್ ತೆಗೆಯಿರಿ. ಸಿ ಡ್ರೈವ್‌ನಲ್ಲಿ ಪೇಜ್ ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಜಾಗ) ಆಫ್ ಮಾಡಿದ್ದರೆ ಡಂಪ್ ಸಿಗುವುದು ಕಷ್ಟ. ಜಾಗ ಉಳಿಸಲೆಂದು ಓಡಿಸುವ ಡಿಸ್ಕ್ ಕ್ಲೀನಪ್ ಈ ಫೈಲುಗಳನ್ನೂ ಗುಡಿಸಿ ಹಾಕುತ್ತದೆ, ಅದನ್ನು ಸದ್ಯಕ್ಕೆ ಮುಟ್ಟಬೇಡಿ.

ಮೇಲಿನ ಭಾಗದಲ್ಲಿ ಕ್ರ್ಯಾಶ್‌ಗಳ ಪಟ್ಟಿ, ಕೆಳಗೆ ಡ್ರೈವರ್‌ಗಳು. ಕ್ರ್ಯಾಶ್ ಹೊತ್ತಿಗೆ ಸ್ಟ್ಯಾಕ್‌ನಲ್ಲಿ (ಆಗ ನಡೆಯುತ್ತಿದ್ದ ಕೆಲಸಗಳ ಸರಣಿಯಲ್ಲಿ) ಸಿಕ್ಕವು ಗುಲಾಬಿ ಬಣ್ಣದಲ್ಲಿರುತ್ತವೆ. ಎಫ್7 ಒತ್ತಿದರೆ ಅವಷ್ಟೇ ಉಳಿಯುತ್ತವೆ. ಇದರ ದೊಡ್ಡ ಲಾಭ, ನೆಟ್ ಬೇಕಿಲ್ಲ. ಮೈಕ್ರೋಸಾಫ್ಟ್‌ನದೇ ಆದ ವಿನ್‌ಡಿಬಿಜಿ (ಡಂಪ್ ಬಿಡಿಸಿ ನೋಡುವ ಡೀಬಗರ್) ಹೆಚ್ಚು ನಿಖರ, ಆದರೆ ಅದು ಕೋಡಿನ ವಿಳಾಸಗಳಿಗೆ ಹೆಸರು ಕೊಡುವ ಸಿಂಬಲ್ ಫೈಲುಗಳನ್ನು ನೆಟ್‌ನಿಂದ ಎಳೆದುಕೊಳ್ಳಬೇಕು. ಕಳಸದ ಕಡೆ ಎಸ್ಟೇಟ್ ಆಫೀಸಿನಲ್ಲಿ ಸಿಗ್ನಲ್ ಒಂದು ಕಡ್ಡಿ ಇರುವಾಗ ಅದನ್ನು ಕಾಯುತ್ತ ಕೂರುವವರು ಯಾರು! ಬೂಟ್ ಆಗದ ಮೆಷಿನ್ನಿನ ಹಾರ್ಡ್‌ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಅದರ ಮಿನಿಡಂಪ್ ಫೋಲ್ಡರ್ ತೋರಿಸಿದರೂ ಓದುತ್ತದೆ.

ಕೊರತೆಯೂ ಇದೆ. 'ಕಾಸ್ಡ್ ಬೈ ಡ್ರೈವರ್' ಕಾಲಂನಲ್ಲಿ ಬಹಳ ಸಲ ಎನ್‌ಟಿಓಎಸ್‌ಕೆಆರ್‌ಎನ್‌ಎಲ್ ಎಂದು ತೋರಿಸುತ್ತದೆ. ಅದು ವಿಂಡೋಸ್‌ನ ಕರ್ನಲ್, ಅಂದರೆ ತಿರುಳು; ಸಾಮಾನ್ಯವಾಗಿ ಬೇರೆ ಯಾರೋ ಮಾಡಿದ ತಪ್ಪು ಅದರ ತಲೆಗೆ ಬಂದಿರುತ್ತದೆ. ಗುಲಾಬಿ ಸಾಲುಗಳಲ್ಲಿ ಮೈಕ್ರೋಸಾಫ್ಟ್‌ನದಲ್ಲದ ಹೆಸರು ಹುಡುಕಿ, ನಾಲ್ಕೈದು ಡಂಪ್‌ಗಳಲ್ಲಿ ಅದೇ ಹೆಸರು ಮರುಕಳಿಸಿದರೆ ಮಾತ್ರ ನಂಬಿ. ಪ್ರತಿ ಸಲ ಬೇರೆ ಬೇರೆ ಹೆಸರು ಬಂದರೆ, ಅಥವಾ ಕೋಡ್ 1ಎ ಬಂದರೆ, ರ‍್ಯಾಮ್ ಮೇಲೆ ಅನುಮಾನ ಇಡಿ: ಮಲೆನಾಡಿನ ತೇವಕ್ಕೆ ಪಿನ್ನುಗಳು ಮಾಸಿದ್ದರೆ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿ, ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ. 124 ಬಂದರೂ ಮೊದಲು ಹಾರ್ಡ್‌ವೇರ್ ಕಡೆಗೇ ನೋಡಬೇಕು. 116 ಬಂದರೆ ಗ್ರಾಫಿಕ್ಸ್; ಕಾರ್ಡು 2 ಸೆಕೆಂಡಿನಲ್ಲಿ ಉತ್ತರಿಸದಿದ್ದರೆ ವಿಂಡೋಸ್ ಅದನ್ನು ರೀಸೆಟ್ ಮಾಡಲು ನೋಡುತ್ತದೆ, ಆಗದಿದ್ದಾಗ ಈ ಪರದೆ.

ಹೆಸರು ಸಿಕ್ಕ ಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ರೋಲ್ ಬ್ಯಾಕ್ ಮಾಡಿ. ಬಟನ್ ಮಂಕಾಗಿದ್ದರೆ ಹಿಂದಿನ ಡ್ರೈವರ್ ಉಳಿದಿಲ್ಲ ಎಂದರ್ಥ. ತಯಾರಕರ ಸೈಟಿನಲ್ಲಿ ಮಾಡೆಲ್ ನಂಬರ್ ಕೊಟ್ಟು ಇಳಿಸಿಕೊಳ್ಳಬೇಕು. ಬೆರಳಚ್ಚು ಸಾಧನ, ಬಿಲ್ ಪ್ರಿಂಟರ್ ಎಲ್ಲ ಚುಚ್ಚಿರುವ ಸೇವಾ ಕೇಂದ್ರಗಳಲ್ಲಿ ಅವನ್ನು ಒಂದೊಂದಾಗಿ ಕಿತ್ತು ನೋಡುವುದೂ ಒಳ್ಳೆಯದೇ.

ಹೆಸರೇ ಸಿಗದಿದ್ದರೆ ವಿಂಡೋಸ್‌ನಲ್ಲೇ ಇರುವ ಡ್ರೈವರ್ ವೆರಿಫೈಯರ್ ಇದೆ. ಇದು ಡ್ರೈವರ್‌ಗಳನ್ನು ಬೇಕೆಂದೇ ಒತ್ತಡಕ್ಕೆ ಸಿಲುಕಿಸಿ, ತಪ್ಪು ಕಂಡ ಕೂಡಲೇ ಕ್ರ್ಯಾಶ್ ಮಾಡಿಸುತ್ತದೆ, ಸಾಮಾನ್ಯವಾಗಿ ಸಿ4 ಕೋಡ್‌ನಲ್ಲಿ. ರಿಸ್ಟೋರ್ ಪಾಯಿಂಟ್ ಮಾಡಿಟ್ಟು, ಮೈಕ್ರೋಸಾಫ್ಟ್‌ನದಲ್ಲದವನ್ನು ಮಾತ್ರ ಆರಿಸಿ. ಬೂಟ್ ಆಗದೆ ಸುತ್ತುತ್ತಿದ್ದರೆ ಸೇಫ್ ಮೋಡ್‌ಗೆ ಹೋಗಿ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ವೆರಿಫೈಯರ್ /ರೀಸೆಟ್' ಕೊಟ್ಟು ರೀಸ್ಟಾರ್ಟ್ ಮಾಡಿ. ಬಿಲ್ಲಿಂಗ್ ನಡೆಯುವ ಮೆಷಿನ್ನಿನಲ್ಲಿ ಹಗಲು ಹೊತ್ತು ಇದನ್ನು ಹಚ್ಚುವುದು ಬೇಡ.